ಮೂವತ್ತೊಂಬತ್ತು, ಎಪ್ಪತ್ತಮೂರು

ತುರ್ಕು, ಜನವರಿ. ಔರಾ ಹೊಳೆಯ ಮೇಲೆ
ನಂಬಿ ಕಾಲಿಡಲಾಗದಷ್ಟು ತೆಳು ಮಂಜುಗಡ್ಡೆ.
ಬೆಳಿಗ್ಗೆ ಒಂಬತ್ತಾದರೂ ಬೆಳಕು ಬಂದಿಲ್ಲ.
ಹಿಲ್ಕಾ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲೇ
ಸೂಕ್ಷ್ಮದರ್ಶಕದ ಕೋಣೆಗೆ ನಡೆದಳು.

ಕೋಶವೊಂದು ಒಡೆದರೆ ಏನಾಗುತ್ತದೆ?
ಒಳಗೆ ಒಲೆಯ ಸೌದೆಯಾಗಿದ್ದ ಎಟಿಪಿ
ಹೊರಗೆ ಚೆಲ್ಲಿದೊಡನೆ ಬೊಬ್ಬೆ.
ಅಣು ಅದೇ. ಹೊಸಿಲು ದಾಟಿತು, ಅಷ್ಟೆ.
ಬೊಬ್ಬೆ ಕೇಳಿ ಬಿಳಿ ರಕ್ತಕಣಗಳು ಓಡಿ ಬರುತ್ತವೆ,
ಕೊಡ ಹಿಡಿದೋ ಕೊಳ್ಳಿ ಹಿಡಿದೋ
ಆ ಅವಸರದಲ್ಲಿ ಅವಕ್ಕೂ ತಿಳಿಯದು.

ಕೋಶದ ತೊಗಲಿನ ಮೇಲೆ, ಹೊರಗೆ ಮುಖ ಮಾಡಿ,
ಇಬ್ಬರು ಕೂತಿರುತ್ತಾರೆ. ಹೆಸರಿಗೆ ಬದಲು ನಂಬರು:
ಮೂವತ್ತೊಂಬತ್ತು, ಎಪ್ಪತ್ತಮೂರು.
ಮೊದಲಿನವನು ಬೊಬ್ಬೆಯ ಬಾಲದಿಂದ
ಒಂದು ಫಾಸ್ಫೇಟ್ ಕತ್ತರಿಸುತ್ತಾನೆ. ಮತ್ತೊಂದು.
ಉಳಿದದ್ದನ್ನು ಪಕ್ಕಕ್ಕೆ ದಾಟಿಸುತ್ತಾನೆ.
ಎಪ್ಪತ್ತಮೂರು ಕೊನೆಯದನ್ನೂ ಕಚಕ್ಕನೆ ತೆಗೆದರೆ
ಉಳಿಯುವುದು ಅಡೆನೊಸಿನ್,
ಸಾಕು, ಸಾಕು ಎನ್ನುವ ಸಣ್ಣ ದನಿ.
ಕೂಗಿನ ಬಾಯಿ ಯಾರೂ ಮುಚ್ಚಲಿಲ್ಲ;
ಕೂಗನ್ನೇ ಹೆಚ್ಚಿ ಜೋಗುಳ ಮಾಡಿದರು.

ಹಿಲ್ಕಾಳ ಅಜ್ಜಿಯದೂ ಇದೇ ಕೈಕೆಲಸ.
ಜಗಳವಾಡಿಕೊಂಡು ಬಂದ ಗಂಡಸರನ್ನು ಸೌನಾಕ್ಕೆ ಅಟ್ಟಿ,
ಕೋಟು, ಅಂಗಿ, ಕೊನೆಗೆ ಕೋಪ
ಒಂದೊಂದಾಗಿ ಕಳಚುವ ತನಕ
ಮೀನಿನ ಸಾರು ಬಡಿಸುತ್ತಿರಲಿಲ್ಲ.

ಇವತ್ತಿನ ಗಾಜಿನ ಮೇಲಿರುವುದು ಶ್ವಾಸಕೋಶದ ಚೂರು.
ಚೀಟಿಯಲ್ಲೂ ಹೆಸರಿಲ್ಲ, ನಂಬರೇ:
ವಯಸ್ಸು ಅರವತ್ತೊಂದು, ಹಡಗುಕಟ್ಟೆಯ ಬೆಸುಗೆಗಾರ.
ಮನಸ್ಸಿನಲ್ಲೇ ಅವನಿಗೆ ಉರ್ಪೊ ಎಂದು ಹೆಸರಿಟ್ಟಳು.
ಗಡ್ಡೆಯ ಅಂಚಿನುದ್ದಕ್ಕೂ ಕಂದು ಬಣ್ಣ,
ಒತ್ತೊತ್ತಾಗಿ ಎಪ್ಪತ್ತಮೂರು, ಎಪ್ಪತ್ತಮೂರು.
ಅದೇ ಕತ್ತರಿ, ಅದೇ ಜೋಗುಳ,
ಹಾಡಿಸುತ್ತಿರುವುದು ಮಾತ್ರ ಕಳ್ಳ.
ಕೊಲ್ಲಲು ಬಂದ ಟಿ ಕಣಗಳು
ಬಾಗಿಲಲ್ಲೇ ತೂಕಡಿಸುತ್ತಿವೆ.

ಎಣಿಸಬೇಕು. ಎಡಗೈಯ ಎಣಿಕೆಯಂತ್ರ
ಟಿಕ್ ಎನ್ನುವಾಗೆಲ್ಲ ಹೆಬ್ಬೆರಳ ಗಂಟು ಉರಿಯುತ್ತದೆ;
ಹನ್ನೊಂದು ಚಳಿಗಾಲದಿಂದ ಅವಳ ಕೀಲುಗಳಲ್ಲಿ
ಶತ್ರುವೇ ಇಲ್ಲದ ಯುದ್ಧ.
ಅಲ್ಲಿ ಯಾರೂ ಬಾಲ ಕತ್ತರಿಸುತ್ತಿಲ್ಲ,
ಬೊಬ್ಬೆ ಬೊಬ್ಬೆಯಾಗಿಯೇ ಉಳಿದಿದೆ.

ಉರ್ಪೊ, ನಿನ್ನಲ್ಲಿ ಹೆಚ್ಚಾದದ್ದು
ನನ್ನಲ್ಲಿ ಸಾಲದು.
ಸಾಲ ಕೇಳುವಂತಿದ್ದರೆ ಕೇಳುತ್ತಿದ್ದೆ,
ಹಿಂದಿರುಗಿಸುತ್ತಲೂ ಇರಲಿಲ್ಲ.

ನೂರ ನಲವತ್ತೆರಡು, ಎಂದು ಬರೆದಳು.
ಬೆರಳನ್ನು ಕಾಫಿ ಲೋಟಕ್ಕೆ ಒತ್ತಿ ಹಿಡಿದಳು.
ಹೊರಗೆ ಹೊಳೆಯಲ್ಲಿ ಎಲ್ಲೋ ಗಡ್ಡೆ ಬಿರಿದ ಸದ್ದು.
ಒಡೆಯಿತೋ, ಗಟ್ಟಿಯಾಯಿತೋ
ಸದ್ದಿನಿಂದ ಹೇಳಲಾಗದು.
ಮುಂದಿನ ಗಾಜು ತೆಗೆದಳು.