ಏಳೂವರೆಯ ಪೆಟ್ಟು

ಒಂದೂವರೆ ಅಡಿ ರೈಲು ಹಳಿಯ ತುಂಡು,
ಬಾದಾಮಿ ಮರದ ಕೊಂಬೆಗೆ ತಂತಿಯಲ್ಲಿ ಕಟ್ಟಿದ್ದು.
ಹೊಡೆಯುವವ ನಾನು, ಹದಿನೇಳು ವರ್ಷದಿಂದ.
ಹತ್ತನೆಯವರ ವಿಶೇಷ ತರಗತಿಗೆ
ಏಳೂವರೆಗೆ ಮೊದಲ ಪೆಟ್ಟು.
ಕೊಂಬೆಯ ಕಾಗೆ ಏಳುತ್ತದೆ.
ಮಕ್ಕಳು ಏಳುವುದಿಲ್ಲ,
ಬರುತ್ತಾರೆ, ಅಷ್ಟೆ.

ಬೆಂಚಿನ ಮೇಲೆ ಕೈ, ಕೈಯ ಮೇಲೆ ಕೆನ್ನೆ.
ರಾಯ್ಸನ್ ಲೋಪಿಸ್ ಹಾಜರಿಗೆ ಓಗೊಡುತ್ತಾನೆ
ಪಕ್ಕದವನ ಹೆಸರಿಗೆ.
ಪಕ್ಕದವ ಅದನ್ನೂ ಕೇಳಿಸಿಕೊಂಡಿಲ್ಲ.

ಪಾಲಕರ ಸಭೆಯಲ್ಲಿ ಶೈಲಜಾ ಪಟಗಾರ ಟೀಚರು,
ಕುಮಟೆಯಿಂದ ಬರುವ ವಿಜ್ಞಾನದವರು, ಎದ್ದು ನಿಂತರು:
ಈ ವಯಸ್ಸಿಗೆ ಮೈಯೊಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ,
ಹನ್ನೊಂದಾದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ,
ಸೋಮಾರಿತನ ಅಲ್ಲ ಇದು, ಬೆಳವಣಿಗೆ.
ಒಂದು ತಾಸು ತಡ ಮಾಡೋಣ.

ಬೀರಣ್ಣ ಖಾರ್ವಿ ಕೂತಲ್ಲಿಂದಲೇ ಅಂದ:
'ಇವರ ಪ್ರಾಯಕ್ಕೆ ನಾನು ಮೂರಕ್ಕೆದ್ದು ಬಲೆ ಹೊರ್ತಿದ್ದೆ.
ನಮ್ಮ ನಿದ್ದೆ ಮುಗೀಲಿ ಅಂತ ಬಂಗಡೆ ಕಾಯ್ತದ್ಯಾ?'
ನಕ್ಕರು. ನಾನೂ ನಕ್ಕೆ. ಸುಳ್ಳೇನೂ ಹೇಳಲಿಲ್ಲ ಅವನು.
ಮೊಬೈಲು ಕಸಿದುಕೊಂಡರೆ ತಾನೇ ನಿದ್ದೆ ಬರ್ತದೆ
ಅಂದರು ಮೊಬೈಲಿನಿಂದ ತಲೆ ಎತ್ತಿ ಒಬ್ಬರು.

ಬಾಗಿಲ ಹತ್ತಿರ ದೀಕ್ಷಾ ಹರಿಕಂತ್ರಳ ತಾಯಿ,
ಸೆರಗಿಗೆ ಕೈ ಒರೆಸುತ್ತ:
'ನಮ್ದು ಒಂದೇ ಕೋಣೆ ಟೀಚರೇ.
ಅವಳಪ್ಪ ಧಕ್ಕೆಯಿಂದ ಬರೂದು ಹನ್ನೆರಡಕ್ಕೆ.
ಇಳಿತ ಬೆಳಗಿನ ಜಾವ ಬಿದ್ರೆ
ನಾನು ಬಳಚು ಆರಿಸೂಕೆ ಹೊರಡೂದು ನಾಲ್ಕಕ್ಕೆ.
ನಡೂ ಉಳಿದದ್ದು ನಾಲ್ಕು ತಾಸು.
ಶಾಲೆ ತಡ ಆದ್ರೆ ಮನೆ ತಡ ಆಗ್ತದ್ಯಾ?'

ಟೀಚರು ಉತ್ತರ ಕೊಡಲಿಲ್ಲ.
ಬರೆದುಕೊಂಡರು.

ನನ್ನಪ್ಪ ತಾರಿಯವ.
ತದಡಿಯಿಂದ ಅಘನಾಶಿನಿಗೆ ಹುಟ್ಟು ಹಾಕಿ
ಹೆಗಲಲ್ಲಿ ಕಾಯಿ ಕಟ್ಟಿಕೊಂಡವ. ಗಡಿಯಾರ ಕಟ್ಟಿದವನಲ್ಲ.
ದಿನಕ್ಕೆ ಮುಕ್ಕಾಲು ತಾಸು ಮೇಲಿಷ್ಟು
ಭರತಿ ಹಿಂದೆ ಸರಿಯುತ್ತ ಹೋಗುತ್ತದೆ.
ತಡ ಅಂದರೆ ಸಿಟ್ಟಾಗುತ್ತಿದ್ದ: 'ಅದರ ಹೊತ್ತು ಅದು.'
ಒಮ್ಮೆ ಸಾಹೇಬರೊಬ್ಬರು ದಡದಲ್ಲಿ ಬೂಟು ಬಡಿದರೂ
ಕೆಸರಿನ ಮೇಲೆ ದೋಣಿ ಎಳೆಯಲಿಲ್ಲ.
ಬೀಡಿ ಹಚ್ಚಿ ಕೂತ.

ಅವನ ಮಗ ನಾನು
ದಿನಾ ಬೆಳಿಗ್ಗೆ ಕೆಸರಿನ ಮೇಲೆ
ನಲವತ್ತೊಂದು ದೋಣಿ ಎಳೆಯುತ್ತೇನೆ.

ಕಳೆದ ಗುರುವಾರ ದೀಕ್ಷಾ ಬೇಗ ಬಂದಿದ್ದಳು.
ಜಗಲಿಯಲ್ಲಿ ಚೀಲಕ್ಕೆ ತಲೆಯಿಟ್ಟು ಮಲಗಿದ್ದಳು,
ಹಿಮ್ಮಡಿಯಲ್ಲಿ ಇನ್ನೂ ಹೊಳೆಯ ರಾಡಿ,
ಬಾಯಿ ಸ್ವಲ್ಪ ತೆರೆದು, ಅಂಗನವಾಡಿ ಮಗುವಿನ ಹಾಗೆ.
ಏಳೂವರೆ ಆಯಿತು. ಸುತ್ತಿಗೆ ಕೈಯಲ್ಲಿತ್ತು.
ಹೆಡ್ ಮಾಸ್ಟರು ಗಡಿಯಾರ ನೋಡಿದರು,
ನಾನು ಮರ ನೋಡಿದೆ.
ಹನ್ನೊಂದು ನಿಮಿಷ.

ಪುಣ್ಯ ಕಟ್ಟಿಕೊಂಡೆ ಅಂದುಕೊಂಡಿದ್ದೆ.
ಬೆಳಿಗ್ಗೆ ಹೋದ ಹನ್ನೊಂದು ನಿಮಿಷವನ್ನು
ಗಣಿತದ ಮಾಸ್ತರರು ಸಂಜೆ ಬಡ್ಡಿ ಸಮೇತ ವಸೂಲು ಮಾಡಿದರು.
ಐದೂವರೆಯ ತಾರಿ ತಪ್ಪಿತು.
ಆಚೆ ದಡದ ಐದು ಮಕ್ಕಳು ಕತ್ತಲಾಗುವವರೆಗೆ
ಧಕ್ಕೆಯ ಐಸು ಪೆಟ್ಟಿಗೆಗಳ ಮೇಲೆ ಕೂತಿದ್ದರು.
ಆಚೆ ಯಾರದೋ ತಾಯಿ ಬ್ಯಾಟರಿ ಹಚ್ಚುತ್ತಿದ್ದಳು, ಆರಿಸುತ್ತಿದ್ದಳು.
ಆ ಬೆಳಕು ನನ್ನ ಮುಖಕ್ಕೇ ಬಿದ್ದ ಹಾಗಿತ್ತು,
ಅಷ್ಟು ದೂರಕ್ಕೆ ಬೀಳುವುದಿಲ್ಲ ಅಂತ ಗೊತ್ತಿದ್ದರೂ.

ಈಗ ಕುಮಟೆ ಡಿಪೋಗೆ ಪತ್ರ ಹೋಗಿದೆ, ಬಸ್ಸು ತಡ ಬಿಡಬಹುದೇ ಅಂತ.
ತಾರಿಯ ಗುತ್ತಿಗೆದಾರ ನೋಡೋಣ ಅಂದಿದ್ದಾನೆ.
ಬೀರಣ್ಣ ಮಾತ್ರ ನಿನ್ನೆ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ
ಯಾರಿಗೂ ಕೇಳಿಸದಂತೆ ಕೇಳಿದ:
'ನಮ್ಮ ಹುಡುಗ ಕ್ಲಾಸಲ್ಲೂ ನಿದ್ದೆ ಮಾಡ್ತನಾ?'
ನಾನೇನು ಹೇಳಲಿ?
ಚೆನ್ನಾಗಿ ಮಾಡ್ತಾನೆ ಅಂದೆ.

ಪತ್ರಕ್ಕೆ ಉತ್ತರ ಬರುವವರೆಗೆ ಏಳೂವರೆ ಅಂದರೆ ಏಳೂವರೆಯೇ.
ಸುತ್ತಿಗೆಯ ತಲೆಗೆ ಮಾತ್ರ
ಹಳೆಯ ಸೈಕಲ್ ಟ್ಯೂಬು ಸುತ್ತಿದ್ದೇನೆ.
ಹೆಡ್ ಮಾಸ್ಟರು ಕೇಳಿದರೆ
ಹಳಿ ಸವೆಯುತ್ತದಲ್ಲ ಸರ್, ಅನ್ನುತ್ತೇನೆ.