ನಾಲಿಗೆ ಎಲ್ಲಿ ತಾಗಬೇಕು

ಶುಕ್ರವಾರ, ನಾಲ್ಕು ಗಂಟೆ. ರುವಿಯ ಹೋಂಡಾ ರೋಡಿನಲ್ಲಿ
ಲಾಂಡ್ರಿಯ ಮೇಲಿನ ಫ್ಲ್ಯಾಟು.
ಕೆಳಗಿನ ಇಸ್ತ್ರಿಯ ಹಬೆ ಏರಿ
ನೆಲಕ್ಕಿಟ್ಟ ಪಾದ ಬೆಚ್ಚಗೆ.
ಐದು ಮಕ್ಕಳು, ಏಳು ಎಂಟನೇ ಕ್ಲಾಸಿನವರು.
ವಾರವಿಡೀ ಹಡಗಿನ ಬಿಡಿಭಾಗಗಳ ಲೆಕ್ಕ ಬರೆಯುವ ನಾನು
ಇವತ್ತೊಂದಿನ ಮೇಷ್ಟ್ರು.

"ಇದೆಲ್ಲ ಯಾಕೆ ಸರ್, ಈ ವಯಸ್ಸಿಗೆ?
ಫ್ರೆಂಚ್ ತಗೊಂಡರೆ ನೂರಕ್ಕೆ ತೊಂಬತ್ತೆಂಟು"
ಎಂದಿದ್ದರು ಜೆನಿಶಾಳ ಅಪ್ಪ, ಲಿಫ್ಟಿನಲ್ಲಿ.
ಉತ್ತರ ಹುಡುಕುವಷ್ಟರಲ್ಲಿ ಅವರ ಮಹಡಿ ಬಂತು.
ಮಗಳನ್ನು ಮಾತ್ರ ಕಳಿಸುತ್ತಲೇ ಇದ್ದಾರೆ,
ಜೊತೆಗೊಂದು ಡಬ್ಬಿ ಕುಸ್ವಾರ್.

ಮೊದಲ ತಿಂಗಳು ಬರೀ ಲಘು, ಗುರು.
ಗುರು ಅಂದರೆ ನೀವಾ ಎಂದು ಕೇಳಿದ ಪ್ರಥ್ವಿನ್.
ಅಲ್ಲಪ್ಪ, ಬಾಯಲ್ಲಿ ಎರಡು ಮಾತ್ರೆ ಹೊತ್ತು ಉಳಿಯುವುದು.
ಮಾತ್ರೆ ಅಂದರೆ ಗುಳಿಗೆ ಎಂದು ಬರೆದುಕೊಂಡ.
ಆಮೇಲೆ ಅವರವರ ಹೆಸರಿಗೇ ಗೆರೆ ಎಳೆದೆವು:
ಜೆನಿಶಾ, ಎರಡು ಲಘು ಒಂದು ಗುರು, ಸಗಣ.
ಸಗಣಿ ನೋಡಿರದ ಮಕ್ಕಳಿಗೂ ನಗು.
ಮಸ್ಕತ್ ಎರಡು ಗುರು, ರುವಿ ಎರಡು ಲಘು,
ಬಾಡಿಗೆಯೂ ಹಾಗೇ.

ಇವತ್ತು ಹಲಗೆಯ ಮೇಲೆ ೞ.
ತನ್ನ ಮನೆಯನ್ನು ಳಕಾರಕ್ಕೆ ಬರೆದುಕೊಟ್ಟು
ಹೇಳದೆ ಕೇಳದೆ ಹೊರಟುಹೋದದ್ದು.
ಹಳಗನ್ನಡ ಅನ್ನುತ್ತೇವಲ್ಲ, ಅದು ಪೞಗನ್ನಡ ಎಂದು
ಬರೆದೆ.
ಓದಲಿಲ್ಲ.

ತೌಸೀಫ್ ಕೈಯೆತ್ತಿದ.
ಬೆಳಿಗ್ಗೆ ಮದರಸದಲ್ಲಿ ಒಂದೇ ಒಂದು ಅಕ್ಷರಕ್ಕೆ
ಗಂಟಲು, ಅಂಗಳು, ಹಲ್ಲಿನ ಬುಡ ಎಂದು
ಹತ್ತು ಸಲ ತಿದ್ದಿಸಿಕೊಂಡು ಬಂದ ಹುಡುಗ:
"ಸರ್, ನಾಲಿಗೆ ಎಲ್ಲಿ ತಾಗಬೇಕು?"

ನನಗೆ ಗೊತ್ತಿರಲಿಲ್ಲ.
ಎಂ.ಎ. ಓದುವಾಗ ನಾವು ಅರವತ್ತು ಮಂದಿ,
ಒಬ್ಬರೂ ಕೇಳಿದ್ದಿಲ್ಲ.
ಪರೀಕ್ಷೆ ಕೇಳಿತ್ತು, ಕಾಗದದ ಮೇಲೆ ಬರೆದಿದ್ದೆವು.
ಮಸಿಗೆ ನಾಲಿಗೆ ಬೇಡ.

"ತಾಗಬಾರದು" ಎಂದಳು ಸಾಗರಿಕಾ ಬಿರಾದಾರ,
ಕಿಟಕಿಯಾಚೆಯ ಬೋಳು ಗುಡ್ಡ ನೋಡುತ್ತಲೇ.
"ಹಿಂದಕ್ಕೆ ಮಡಚಿ, ಮುಟ್ಟುವ ಹಾಗೆ ಹೋಗಿ
ಮುಟ್ಟದೇ ಬರಬೇಕು.
ನನ್ನ ಬೆಂಚಿನ ನಿವೇದ್ಯ ಕಲಿಸಿದ್ದು. ಅವಳ ಊರು ಕೋೞಿಕ್ಕೋಡು,
ತಪ್ಪು ಹೇಳಿದರೆ ಹೊಡೀತಾಳೆ."

ಇಂಡಿ ತಾಲೂಕಿನ ಹುಡುಗಿ
ಅಷ್ಟು ಶತಮಾನ ಬಾಯಿಂದ ಬಾಯಿಗೆ ದಾಟದ್ದನ್ನು
ಪೆನ್ಸಿಲ್ ಕಡ ಕೊಟ್ಟಷ್ಟು ಸಲೀಸಾಗಿ ಕೊಟ್ಟಳು.
ಏೞು. ಮೞೆ. ಬಾೞ್. ಕೋೞಿ.
ಐದೂ ನಾಲಿಗೆ ಮಡಚಿಕೊಂಡವು, ಪ್ರಥ್ವಿನನ ಜೊಲ್ಲು
ನೋಟ್ಸಿನ ಮೇಲೆ ಬಿತ್ತು.
ನಾನು ಹಲಗೆ ಒರೆಸುವ ನೆಪದಲ್ಲಿ
ಬೆನ್ನು ತಿರುಗಿಸಿ ನಿಂತು ಹೇಳಿ ನೋಡಿದೆ.
ಬರಲಿಲ್ಲ.

ಕ್ಲಾಸು ಮುಗಿದು ಮೆಟ್ಟಿಲಿಳಿಯುವಾಗ ಒಂದು ಸಲ,
ಲಾಂಡ್ರಿಯ ಹಬೆಯಲ್ಲಿ ಒಂದು ಸಲ,
ಟ್ಯಾಕ್ಸಿಯವನು ಹಾರ್ನ್ ಹೊಡೆದಾಗ ಒಂದು ಸಲ.
ಕೊನೆಗೆ ಕುಞಿಪ್ಪನ ಕೆಫೆಟೇರಿಯಾದಲ್ಲಿ
ಧೈರ್ಯ ಮಾಡಿ: "ಕೋೞಿ ಉಂಟೋ?"

ಅವನು ಪರೋಟ ತಟ್ಟುತ್ತ ತಲೆಯೆತ್ತದೆ
"ನಾಟ್ಟಿಲ್ ಎವಿಡೆಯಾ?" ಅಂದ. ಊರಲ್ಲಿ ಎಲ್ಲಿ ನೀವು?

ಎಲ್ಲಿ ಅನ್ನಲಿ. ಬಸ್ಸಿನ ಬೋರ್ಡಿನಲ್ಲಿ ಇರುವ ಊರಲ್ಲ ಅದು.
ಒಂದು ಚಾಯ, ಅಂದೆ,
ಸಕ್ಕರೆ ಕಡಿಮೆ.