ಬೆಲ್ಟಿಗೊಂದು ಲೋಟ ಚಹಾ

ನರಿನ್ ಊರಿನಲ್ಲಿ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಕೀಲಿ ತಿರುವಿದರೆ ಸಾಕು,
ಬಾನೆಟ್ಟಿನೊಳಗೆ ಯಾರೋ ಬೆಕ್ಕಿನ ಬಾಲ ತುಳಿದ ಹಾಗೆ
ಕೀಂ ಎಂದು ಹಿಡಿದರೆ ಸೇತುವೆಯಾಚೆಗೂ ಡಂಗುರ:
ಬುರುಲ್‌ಕಾನ್ ಹೊರಟಳು, ಬುರುಲ್‌ಕಾನ್ ಹೊರಟಳು.

ಎದುರು ಮಹಡಿಯ ಕಿಟಕಿ ಬಿರಿಯುತ್ತದೆ.
ತುಪ್ಪಳದ ಟೋಪಿ ಮೊದಲು, ಆಮೇಲೆ ಶಾಬ್ದನ್ ತಾತ:
"ಸೋಪು ಉಜ್ಜೇ!"
ಉಜ್ಜಿದ್ದೆ. ಎರಡು ದಿನ ಸುಮ್ಮನಿತ್ತು,
ಮೂರನೆಯ ದಿನ ನೊರೆಗಟ್ಟಿದ ಗಂಟಲಲ್ಲಿ ಅದೇ ರಾಗ.

ಇವತ್ತು ತಾವೇ ಇಳಿದು ಬಂದರು, ಪೈಜಾಮದ ಮೇಲೆ ಕುರಿದೊಗಲಿನ ಕೋಟು.
"ನೀರು ಚಿಮುಕಿಸು. ಸದ್ದು ಅಡಗಿದರೆ ಬೆಲ್ಟಿನ ತಪ್ಪು,
ಏರಿದರೆ ಬಿಗಿ ಸಾಲದು."
ನೀರೆಲ್ಲಿದೆ? ಬಾಟಲಿಯಲ್ಲಿ ಕಲ್ಲಾಗಿ ಕೂತಿದೆ.
ಫ್ಲಾಸ್ಕಿನ ಚಹಾ ಸುರಿದೆ, ಹಾಲು ಉಪ್ಪು ಹಾಕಿದ್ದು.
ಅಬ್ಬಾ, ಆ ಕೂಗು! ನಾಯಿಗಳೂ ದನಿಗೂಡಿಸಿದವು.

"ಸಡಿಲ," ಎಂದರು, ನಾಡಿ ಹಿಡಿದ ವೈದ್ಯನ ಹಾಗೆ.

ಎಂಜಿನ್ ಆರಿಸಿದೆ. ಹದಿಮೂರರ ಸ್ಪ್ಯಾನರು.
ಬೆರಳು ಲೋಹಕ್ಕೆ ಅಂಟಿ ಚರ್ಮ ಬಿಟ್ಟು ಬಂತು.
ಆಲ್ಟರ್ನೇಟರನ್ನು ಮೀಟಿ ಹಿಡಿದು ತಾತ ಹೇಳುತ್ತಲೇ ಇದ್ದರು:
ಹೆಬ್ಬೆರಳೊತ್ತಿದರೆ ಬೆರಳಗಲ ಬಾಗಬೇಕು,
ಹೆಚ್ಚಾದರೆ ಬೇರಿಂಗು ಸಾಯುತ್ತದೆ,
ಮನೆಗೆ ಬಂದ ಸೊಸೆಯನ್ನು ಬಿಗಿದ ಹಾಗೆ ಬಿಗಿಯಬೇಡ,
ಅಂದವರು ಥಟ್ಟನೆ ಸುಮ್ಮನಾದರು.

ಅವರ ಸೊಸೆ ಕಳೆದ ಚಳಿಗಾಲ
ನನ್ನ ಕಾರಿನಲ್ಲೇ, ಹಿಂದಿನ ಸೀಟಲ್ಲಿ,
ತೊಡೆಯ ಮೇಲೊಂದೇ ಚೀಲ ಇಟ್ಟುಕೊಂಡು ಬಿಷ್ಕೆಕ್‌ಗೆ ಹೋದಳು.
ಆ ಬೆಳಿಗ್ಗೆಯೂ ಇದು ಹೀಗೇ ಕಿರುಚಿತ್ತು.
ಕಿಟಕಿ ತೆರೆದಿರಲಿಲ್ಲ.

ಕೀಲಿ ತಿರುವಿದೆ. ಸದ್ದಿಲ್ಲ.
ಚಹಾ ಸುಟ್ಟ ವಾಸನೆ.
ತಾತ ಇನ್ನೂ ಬಾನೆಟ್ಟಿನ ಮೇಲೆ ಕೈಯಿಟ್ಟೇ ನಿಂತಿದ್ದರು,
ಬೆಚ್ಚಗಾಗಲೆಂದೇನೋ.